ತಿರುಚಿ ನಿಂತ ಸ್ತಂಭ, ಸುತ್ತು ಹಾಕುವ ಬೆಳಕು

ಒಂದು ಸ್ತಂಭದಿಂದ ಶುರು ಮಾಡುತ್ತೇನೆ. 1897ರ ಜೂನ್ 12ರ ಸಂಜೆ ಅಸ್ಸಾಂನಲ್ಲಿ ಭಾರಿ ಭೂಕಂಪವಾಯಿತು. ಈಗ ಬಾಂಗ್ಲಾದೇಶದಲ್ಲಿರುವ ಛಾತಕ್‌ನಲ್ಲಿ ಜಾರ್ಜ್ ಇಂಗ್ಲಿಸ್ ಎಂಬವರ ಸ್ಮಾರಕವಾಗಿ ಸುಮಾರು 60 ಅಡಿ ಎತ್ತರದ ಇಟ್ಟಿಗೆ ಸ್ತಂಭವೊಂದಿತ್ತು. ತುದಿ ಮುರಿದು ಬಿತ್ತು. ಉಳಿದದ್ದರ ಮೇಲ್ಭಾಗ, ಸೀಸೆಯ ಮುಚ್ಚಳವನ್ನು ತುಸು ತಿರುವಿ ಬಿಟ್ಟಂತೆ, ಬುಡದ ಮೇಲೆ ಓರೆಯಾಗಿ ನಿಂತಿತು. ಭೂವಿಜ್ಞಾನಿ ಓಲ್ಡ್‌ಹ್ಯಾಮ್ ಅದನ್ನು ತಮ್ಮ ವರದಿಯಲ್ಲಿ ದಾಖಲಿಸಿದರು.

ನೆಲವೇ ತಿರುಗಿತೇ? ಸ್ತಂಭದ ಸಾಕ್ಷ್ಯ ಸಾಲದು. ತುಂಬಿದ ಬೀರುವನ್ನು ನೇರವಾಗಿ ತಳ್ಳಿ ನೋಡಿ. ಒಂದು ಕಾಲು ನೆಲಕ್ಕೆ ಕಚ್ಚಿಕೊಂಡರೆ ಬೀರು ತಾನೇ ತಿರುಗುತ್ತದೆ, ನಿಮ್ಮ ಸೊಂಟವೂ ಹಿಡಿಯುತ್ತದೆ.

ಮಾಮೂಲಿ ಭೂಕಂಪಮಾಪಕ ಮೇಲೆ-ಕೆಳಗೆ, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮದ ಅಲುಗಾಟವನ್ನಷ್ಟೇ ಬರೆದುಕೊಳ್ಳುತ್ತದೆ. ನೆಲ ವಾಲಿತೋ, ಪಕ್ಕಕ್ಕೆ ಸರಿಯಿತೋ ಎಂಬುದು ಅದಕ್ಕೆ ತಿಳಿಯದು. ಎರಡರಲ್ಲೂ ಒಳಗಿನ ತೂಕ ಒಂದೇ ರೀತಿ ಜರುಗುತ್ತದೆ. ತಿರುಗಾಟ ತೀರ ಚಿಕ್ಕದೆಂದು ಬಹುಕಾಲ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಆ ತಿರುಗಾಟವನ್ನು ಅಳೆಯುವ ಸಾಧನ ಈಗ ಇದೆ. ಮನೆಗೆ ಇಂಟರ್ನೆಟ್ ತರುವ ಫೈಬರ್ ಇದೆಯಲ್ಲ, ಕೂದಲೆಳೆಯಂಥ ಗಾಜು, ಅದನ್ನು ಕಿಲೋಮೀಟರ್‌ಗಟ್ಟಲೆ ಸುರುಳಿ ಸುತ್ತುತ್ತಾರೆ. ಒಂದೇ ಬೆಳಕನ್ನು ಎರಡಾಗಿ ಸೀಳಿ ಎರಡು ತುದಿಗಳಿಂದ ಬಿಡುತ್ತಾರೆ. ಒಂದು ಪ್ರದಕ್ಷಿಣೆ, ಇನ್ನೊಂದು ಅಪ್ರದಕ್ಷಿಣೆ. ಸುರುಳಿ ತಿರುಗದಿದ್ದರೆ ಎರಡೂ ಒಟ್ಟಿಗೇ ಹೊರಬರುವ ಬಾಗಿಲು ಮುಟ್ಟುತ್ತವೆ. ಸುತ್ತು ಮುಗಿಯುವಷ್ಟರಲ್ಲಿ ಸುರುಳಿ ಎಳ್ಳಷ್ಟು ತಿರುಗಿದರೂ ಬಾಗಿಲು ಒಂದಕ್ಕೆ ಹತ್ತಿರ, ಇನ್ನೊಂದಕ್ಕೆ ದೂರ. ಎರಡನ್ನೂ ಕೂಡಿಸಿದಾಗ ಅಲೆಗೆ ಅಲೆ ಹೊಂದುವುದಿಲ್ಲ; ಆ ಹೊಂದದಿರುವಿಕೆಯೇ ತಿರುಗಾಟದ ಅಳತೆ. ಫ್ರಾನ್ಸಿನ ಜಾರ್ಜ್ ಸಾನ್ಯಾಕ್ 1913ರಲ್ಲಿ ಇದನ್ನು ಕನ್ನಡಿಗಳಿಂದ ತೋರಿಸಿದ. ಫೈಬರ್ ಸುರುಳಿಯಲ್ಲಿ ಸಾಧ್ಯವಾದದ್ದು 1976ರಲ್ಲಿ. ಹಡಗು, ವಿಮಾನಗಳ ದಾರಿ ತೋರಲು ಮೊದಲು ಹೋಯಿತು. ಭೂಕಂಪದವರ ಪಾಲಿಗೆ ಬಂದದ್ದು ಆಮೇಲೆ.

ನನಗೆ ಹಿಡಿಸಿದ್ದು ಈ ಸುರುಳಿಯ ಕಿವುಡು. ಪಕ್ಕಕ್ಕೆ ಎಷ್ಟು ತಳ್ಳಿದರೂ ಕೇಳಿಸಿಕೊಳ್ಳುವುದಿಲ್ಲ, ತಿರುಗಿದರೆ ಮಾತ್ರ ಓಗೊಡುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಗಂಟೆಗೆ 15 ಡಿಗ್ರಿ ತಿರುಗುವುದನ್ನೂ ಬಿಡದೆ ಹೇಳುತ್ತದೆ. ಅದನ್ನು ಕಳೆದೇ ಭೂಕಂಪದ ಲೆಕ್ಕ ಹಾಕಬೇಕು.

ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ದೊಡ್ಡ ಜಾಲವಿದೆ. ಲಂಬಕೋನದ ಎರಡು ತೋಳುಗಳಲ್ಲಿ, ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ಮಾಪಕಗಳನ್ನು ಹರಡಿದ್ದಾರೆ. ಅಲೆ ಒಂದರಿಂದ ಇನ್ನೊಂದಕ್ಕೆ ಮುಟ್ಟಿದ ಹೊತ್ತು ನೋಡಿದರೆ ವೇಗ, ದಿಕ್ಕು ಎರಡೂ ಸಿಗುತ್ತವೆ. ಒಂದೇ ಕಡೆ ಮಾಪಕದ ಪಕ್ಕ ಫೈಬರ್ ಸುರುಳಿಯನ್ನಿಟ್ಟು, ಅಲುಗಾಟವನ್ನೂ ತಿರುಗಾಟವನ್ನೂ ಹೋಲಿಸಿದರೆ ಮೇಲ್ಮೈ ಅಲೆಯ ವೇಗದ ಅಂದಾಜು ಅಲ್ಲೇ ಸಿಗುತ್ತದೆ. ಹಾಗೆಂದು ಇದು ಜಾಲದ ಜಾಗ ತುಂಬದು. ದೂರದ ಸಣ್ಣ ಕಂಪನ ಇದಕ್ಕೆ ತಾಗುವುದೇ ಇಲ್ಲ. ಕಂಪನದ ಬುಡದಲ್ಲೇ ಇದರ ಕೆಲಸ.

ಹವಾಯಿಯ ಕಿಲೌಯಾ ಜ್ವಾಲಾಮುಖಿಯ ನೆತ್ತಿ 2018ರಲ್ಲಿ ಕೆಲವೇ ತಿಂಗಳಲ್ಲಿ 60ಕ್ಕೂ ಹೆಚ್ಚು ಸಲ ಕುಸಿಯಿತು. ಆ ಕುಸಿತಗಳ ನಡುವೆ ಅಂಚಿನಲ್ಲಿ ಇಂಥದೊಂದು ಸಾಧನ ಮಾಪಕದ ಜೊತೆ ಕೂತಿತ್ತು. ನೆಲ ವಾಲಿದ್ದೆಷ್ಟು ಎಂದು ಅದು ಹೇಳಿದ ಮೇಲೆಯೇ ಪಕ್ಕಕ್ಕೆ ಸರಿದದ್ದೆಷ್ಟು ಎಂಬುದನ್ನು ಬೇರ್ಪಡಿಸಲು ಬಂತು.