ಐದು ಮನೆಯ ಚೂರು, ಒಂದು ಕೌದಿ

ನಾನು ಪುಣೆಯ ವಾಕಡ್‌ನಲ್ಲಿರೋಳು, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಊರು ಧಾರವಾಡ. ಇವತ್ತಿನ ಮಾತು ಕೌದಿ ಬಗ್ಗೆ. ಅದರಲ್ಲೂ ಒಂದು ಬಗ್ ಬರುತ್ತೆ, ತಡೀರಿ.

ನಮ್ಮ ಕಡೆಯವರಿಗೆ ಕೌದಿ ಅಂದ್ರೆ ಹೇಳಬೇಕಾಗಿಲ್ಲ. ಹಳೇ ಸೀರೆ, ಧೋತರ ಪದರ ಪದರ ಹಾಸಿ, ಮೇಲೆ ಚೂರು ಬಟ್ಟೆ ಇಟ್ಟು ಕೈಯಲ್ಲೇ ಹೊಲಿಯೋದು. ಇಲ್ಲಿ ಮರಾಠಿಯವರು ಇದನ್ನೇ ಗೋಧಡಿ ಅಂತಾರೆ. ಹಾಗಾಗಿ ನಮ್ಮ ಬಿಲ್ಡಿಂಗಿನ ಐದು ಮನೆಯವರು ಸೇರಿದಾಗ ಭಾಷೆ ಬೇರೆಯಾದ್ರೂ ಯಾರಿಗೂ ವಿವರಿಸೋ ಕೆಲಸ ಬೀಳಲಿಲ್ಲ.

ನಾವು ಹಿಡಿದದ್ದು ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕ್ರಮ. ಅವರು ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರ್ತಾರೆ. ಚೂರಿನ ಅಂಚು ಒಳಗೆ ಮಡಚಿ ನೇರ ಹೊಲಿದುಬಿಡೋದು. ಅಳತೆ ಇಲ್ಲ, ಮೊದಲೇ ಡಿಸೈನ್ ಇಲ್ಲ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು.

ಚೂರು ಬದಲಾಯಿಸಿಕೊಳ್ಳೋಕೆ ನಮ್ಮ ನಿಯಮ ಮೂರೇ: ಹತ್ತಿ ಬಟ್ಟೆ, ಅಂಗೈಗಿಂತ ಸಣ್ಣದು ಬೇಡ, ಒಗೆದು ತರಬೇಕು.

ನಾನು ತಂದದ್ದು ಅವ್ವನ ಕೆಂಪು ಇಳಕಲ್ ಸೀರೆ. ಹಬ್ಬಕ್ಕಷ್ಟೇ ಉಡ್ತಿದ್ಲು, ನೀರು ಕಂಡದ್ದೇ ಕಡಿಮೆ. ಅವಳು ಹೋದ ಮೇಲೆ ನಾನೂ ಒಗೆದಿರಲಿಲ್ಲ. ಒಗೆದ್ರೆ ಅವಳ ವಾಸನೆ ಹೋಗ್ತದಲ್ಲ! ಸೆರಗು ಇಟ್ಟುಕೊಂಡು ಒಡಲು ಕತ್ತರಿಸಿದೆ. ಕೇಳಿದವರಿಗೆ "ಒಗೆದೀನ್ರೀ" ಅಂದೆ.

ನಾಲ್ಕು ತಿಂಗಳು, ಶನಿವಾರ ಶನಿವಾರ ಹೊಲಿದ ಕೌದಿ. ಮೊದಲ ಸಲ ನೆನೆಸಿದ ದಿನ ಬಕೆಟ್ ತುಂಬ ಕೆಂಪು. ಪಕ್ಕದ ಮನೆ ಕಾಕು ತಮ್ಮ ತಂದೆಯ ಬಿಳಿ ಧೋತರದ ಚೂರು ಕೊಟ್ಟಿದ್ರು, ಅವೆಲ್ಲ ಗುಲಾಬಿ. ಒದ್ದೆ ಬಿಳಿ ಅರಿವೆಯಿಂದ ಒಮ್ಮೆ ಉಜ್ಜಿ ನೋಡಿದ್ರೆ ಬಣ್ಣ ಬಿಡುತ್ತೋ ಇಲ್ಲವೋ ಅರ್ಧ ನಿಮಿಷದಲ್ಲಿ ಗೊತ್ತಾಗ್ತಿತ್ತು. ದಿನವಿಡೀ ಬೇರೆಯವರ ಕೋಡ್ ಪರೀಕ್ಷೆ ಮಾಡೋಳು ನಾನು!

ಅಂದೇ ಸಂಜೆ ಕಾಕು ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರ ಬಂದು, ಕನ್ನಡಕ ಹಾಕಿಕೊಂಡು, ಗುಲಾಬಿ ಚೂರುಗಳನ್ನ ಒಂದೊಂದಾಗಿ ಮುಟ್ಟಿ ನೋಡಿದ್ರು. "ಅಸೂ ದೇ" ಅಂದ್ರು, ಇರಲಿ ಬಿಡು ಅಂತ. ಆಮೇಲೆ ಚೀಲದಿಂದ ಇನ್ನೊಂದು ಬಿಳಿ ಚೂರು ತೆಗೆದು, ಉಳಿದಿದ್ದ ಕೊನೆಯ ಮೂಲೆಗೆ ತಾವೇ ಹೂವು ಹೊಲಿದ್ರು.

ಕೌದಿ ತಿಂಗಳಿಗೊಂದು ಮನೆ ಸುತ್ತುತ್ತೆ, ಈಗ ಕಾಕು ಮನೆಯಲ್ಲಿದೆ. ಅವ್ವನ ಸೆರಗು ನನ್ನ ಕಪಾಟಿನಲ್ಲಿದೆ. ಅದನ್ನ ಇನ್ನೂ ಒಗೆದಿಲ್ಲ, ಯಾರಿಗೂ ಕೊಡೋದೂ ಇಲ್ಲ.