ಟಿಪ್ಪಣಿ ಹೋಗಿ ನೋಟ್ಸ್ ಬಂತು

(ಬನಶಂಕರಿಯಲ್ಲಿ ಪ್ರೌಢಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



‘ನೋಟ್ಸ್’ ಎಂಬ ಪದದ ಜತೆಗೆ ನಮ್ಮ ಮಕ್ಕಳು ಬಳಸುವ ಕ್ರಿಯಾಪದಗಳನ್ನು ಗಮನಿಸಿದ್ದೀರಾ? ‘ಮಿಸ್ ನೋಟ್ಸ್ ಕೊಟ್ಟರು’, ‘ನೋಟ್ಸ್ ಇಳಿಸಿಕೊಂಡೆ’, ‘ನೋಟ್ಸ್ ಕಂಪ್ಲೀಟ್ ಆಗಿಲ್ಲ’. ಕೊಡುವವರು ಒಬ್ಬರು, ಇಳಿಸಿಕೊಳ್ಳುವವರು ಮತ್ತೊಬ್ಬರು. ಹಳೆಯ ‘ಟಿಪ್ಪಣಿ’ ಹೀಗಲ್ಲ. ಓದಿದವನು ತನಗೆ ತೊಡಕೆನಿಸಿದ ಕಡೆ, ಮುಖ್ಯವೆನಿಸಿದ ಕಡೆ ತಾನೇ ಬರೆದುಕೊಂಡದ್ದು ಟಿಪ್ಪಣಿ. ವಿದ್ಯಾರ್ಥಿಯ ಬರವಣಿಗೆ ಈ ಎರಡು ಪದಗಳ ನಡುವೆ ಸಾಗಿ ಬಂದ ದಾರಿಯನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಹಿಂದೆ ಎಲ್ಲವೂ ಚೆನ್ನಾಗಿತ್ತು ಎನ್ನಲು ನಾನು ಬಂದಿಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸು ಸರಕಾರಕ್ಕೆ ಒಂದು ವರದಿ ಕಳಿಸಿದ. ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಆಮೇಲೆ ಓಲೆಯ ಮೇಲೆ ಕಬ್ಬಿಣದ ಕಂಠ, ಇಲ್ಲವೇ ಹಲಗೆ ಅಥವಾ ಕಡತದ ಮೇಲೆ ಬಳಪ. ಹಲಗೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿಯ ಲೇಪನ. ಕಡತವೆಂದರೆ ಗಂಜಿ ಹಾಕಿ ಪುಸ್ತಕದಂತೆ ಮಡಿಸಿದ ಬಟ್ಟೆ, ಮೇಲೆ ಇದ್ದಿಲು ಮತ್ತು ಅಂಟಿನ ಕಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರೆದದ್ದು ಮಾಯ. (ಅಳಿಸಿ ಬರೆಯುವ ವಸ್ತುವಿನ ಈ ಹೆಸರೇ ಇಂದು ಕಚೇರಿಗಳಲ್ಲಿ ಎಂದೂ ಕರಗದ ಫೈಲಿಗೆ ಅಂಟಿಕೊಂಡಿದೆ!)

ಈ ಪದ್ಧತಿಯ ಮಿತವ್ಯಯವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಆದರೆ ಹುಡುಗರು ರಾಶಿ ರಾಶಿ ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಗಳಂತೆ ಒಪ್ಪಿಸುತ್ತಾರೆಂದೂ ಬರೆದ. ಅಂದಿನ ಶಾಲೆಯಲ್ಲಿ ಬರವಣಿಗೆ ಕೈಯನ್ನು ಪಳಗಿಸುವುದಕ್ಕೆ. ಕೂಡಿಡುವ ಕೆಲಸವೆಲ್ಲ ನೆನಪಿನದು. ಹಲಗೆ–ಬಳಪ ಕರಡು ತಿದ್ದುವುದಕ್ಕೂ ಬೇಕಿತ್ತು. ಅದಕ್ಕೇ 15ನೇ ಶತಮಾನದ ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿದವನಲ್ಲ, ಬರೆದ ಪದವನ್ನು ಅಳಿಸಿದವನಲ್ಲ ಎಂದು ಹೆಮ್ಮೆಪಟ್ಟುಕೊಂಡದ್ದು. ಉಳಿದವರೆಲ್ಲ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರೆಂದು ಇದರಿಂದ ಊಹಿಸಬಹುದು.

ಕಾಗದ ಅಗ್ಗವಾಗಿ ನೋಟ್‌ಪುಸ್ತಕ ಬಂದ ಮೇಲೆ ಬರೆದದ್ದು ಉಳಿಯತೊಡಗಿತು. ವಿದ್ಯಾರ್ಥಿ ತನ್ನ ಯೋಚನೆಯನ್ನು ಕೂಡಿಡಲು ಇದಕ್ಕಿಂತ ಒಳ್ಳೆಯ ಸಾಧನ ಬೇಕೇ? ಆದರೆ ಉಳಿಯುವ ಬರಹವನ್ನು ತಪಾಸಣೆ ಮಾಡಬಹುದು. ತಪಾಸಣೆಗೆ ಬರುವ ಪುಸ್ತಕ ‘ಪೂರ್ಣ’ವಾಗಿರಬೇಕು, ತಪ್ಪಿಲ್ಲದಿರಬೇಕು. ಒಂದು ತರಗತಿಗೆ 50 ಮಕ್ಕಳು, ಒಬ್ಬ ಶಿಕ್ಷಕಿಗೆ ನಾಲ್ಕು ತರಗತಿ ಎಂದಿಟ್ಟುಕೊಳ್ಳಿ: 200 ಪುಸ್ತಕ. ಎಲ್ಲದರಲ್ಲೂ ಒಂದೇ ವಾಕ್ಯವಿದ್ದರಷ್ಟೇ ಕೆಂಪು ಗೆರೆ ಎಳೆದು ಮುಗಿಸಲು ಸಾಧ್ಯ. ಹೀಗಾಗಿ ಬೋರ್ಡಿನ ಮೇಲಿನ ಉತ್ತರವೇ 50 ಪುಸ್ತಕಗಳಲ್ಲಿ ಅಚ್ಚಾಯಿತು. ಇದು ನಿಮ್ಮ ಮೇಲಿನ ದೂರಲ್ಲ. ಲೆಕ್ಕವೇ ಹಾಗಿದೆ.

ನಮ್ಮ ಬೀದಿಯಲ್ಲಿ ಒಬ್ಬಳು ಹುಡುಗಿ ಕಳೆದ ವರ್ಷ ಪಿಯುಸಿ ಮುಗಿಸಿದಳು. ರದ್ದಿಗೆ ಹೋಗಲಿದ್ದ ಅವಳ ಪುಸ್ತಕಗಳನ್ನು ಕೇಳಿ ಪಡೆದು ನೋಡಿದೆ. ನಾಲ್ಕನೇ ತರಗತಿಯದರಲ್ಲಿ ದುಂಡು ಅಕ್ಷರ, ತಾರೀಖು, ಪ್ರಶ್ನೆ, ಉತ್ತರ. ಎಲ್ಲದಕ್ಕೂ ಕೆಂಪು ‘ರೈಟ್’. ಶಾಲೆಗಳು ಮುಚ್ಚಿದ್ದ 2020–21ರ ಪುಸ್ತಕ ಹೆಚ್ಚುಕಡಿಮೆ ಖಾಲಿ, ಏಕೆಂದರೆ ಪಾಠವೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬರುತ್ತಿತ್ತು. ಹತ್ತನೆಯ ತರಗತಿಗೆ ಮೂರು ಕಟ್ಟು: ಶಾಲೆಯದು, ಟ್ಯೂಷನ್ನಿನದು, ಯಾರದೋ ನೋಟ್ಸಿನ ಜೆರಾಕ್ಸು. ಪಿಯುಸಿಗೆ ಬಂದಾಗ ಬೋರ್ಡಿನ ಫೋಟೊ ತೆಗೆಯುವ ಅಭ್ಯಾಸ. ಆದರೆ ಭೌತಶಾಸ್ತ್ರದ ಪುಸ್ತಕವೊಂದರ ಕೊನೆಯ ಪುಟಗಳಲ್ಲಿ, ಪೆನ್ಸಿಲಿನಲ್ಲಿ, ಕನ್ನಡ–ಇಂಗ್ಲಿಷ್ ಬೆರೆತ ಅವಸರದ ಸಾಲುಗಳಿದ್ದವು. ಎರಡು ಕಡೆ ‘ಇದು ಯಾಕೆ ಹೀಗೆ?’ ಎಂದಿತ್ತು. ಒಂದು ಕಡೆ ಚಿತ್ರ ಬರೆದು ಹೊಡೆದುಹಾಕಿ ಪಕ್ಕದಲ್ಲೇ ಸರಿಯಾದದ್ದನ್ನು ಬರೆದಿದ್ದಳು. ಇಡೀ ರಾಶಿಯಲ್ಲಿ ಅವಳದೇ ಎನ್ನಬಹುದಾದದ್ದು ಆ ಏಳೆಂಟು ಪುಟಗಳು. ಅದನ್ನು ಹೇಳಿದಾಗ ಅವಳು, ‘ಅಯ್ಯೋ, ಅದು ರಫ್ ಅಂಕಲ್’ ಎಂದಳು.

ದೋಷವನ್ನೆಲ್ಲ ಮೊಬೈಲಿನ ಮೇಲೆ ಹೊರಿಸುವುದು ಈಗಿನ ವಾಡಿಕೆ. ಅಮೆರಿಕದ ಪಾಮ್ ಮುಲ್ಲರ್ ಮತ್ತು ಡೇನಿಯಲ್ ಒಪೆನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅದಕ್ಕೆ ಆಧಾರವಾಗಿ ಕೊಡುವವರಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿಕೊಂಡವರು ಕೇಳಿದ ಮಾತನ್ನು ಹಾಗೆಯೇ ಇಳಿಸುತ್ತಿದ್ದರು, ಅರ್ಥ ಗ್ರಹಿಸಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು ಎಂಬುದು ಅದರ ಸಾರ. ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅಂಕಗಳ ಅಂತರ ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಆದರೂ ಅಧ್ಯಯನದ ಹಿಂದಿನ ತರ್ಕ ಗಮನಾರ್ಹ. ಕೈಯಿಂದ ಬರೆಯುವವನಿಗೆ ಎಲ್ಲವನ್ನೂ ಬರೆಯಲು ಪುರುಸೊತ್ತಿಲ್ಲ. ಯಾವುದನ್ನು ಬಿಡಬೇಕೆಂದು ಅವನೇ ತೀರ್ಮಾನಿಸಬೇಕು. ನಾವು ಮಾಡಿದ್ದೇನು? ಅಲ್ಪವಿರಾಮ, ಪೂರ್ಣವಿರಾಮ ಸಮೇತ ನಿಧಾನವಾಗಿ ಹೇಳಿ ಬರೆಯಿಸಿ ಆ ತೀರ್ಮಾನದ ಅಗತ್ಯವನ್ನೇ ತಪ್ಪಿಸಿದೆವು. ಫೋಟೊ ತೆಗೆಯುವ ಹುಡುಗ ಅದೇ ಕೆಲಸವನ್ನು ಒಂದು ಕ್ಷಣದಲ್ಲಿ ಮುಗಿಸುತ್ತಾನೆ. ಅವನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಪರೀಕ್ಷೆ ಇರುವ ತನಕ ಹೇಳಿ ಬರೆಯಿಸುವುದನ್ನು ನಿಲ್ಲಿಸಿ ಎಂದರೆ ನೀವು ನಗುತ್ತೀರಿ. ಒಂದು ಸಣ್ಣ ಏರ್ಪಾಡು ಸಾಧ್ಯ. ನೋಟ್‌ಪುಸ್ತಕದ ಬಲಪುಟದಲ್ಲಿ ನೀವು ಕೊಟ್ಟದ್ದು ಇರಲಿ, ಎಡಪುಟ ಮಕ್ಕಳಿಗೆ. ಪಾಠದ ಕೊನೆಯ ಐದು ನಿಮಿಷ ಬೋರ್ಡ್ ಒರೆಸಿ, ನೆನಪಿನಲ್ಲಿ ಉಳಿದದ್ದನ್ನು, ತಿಳಿಯದೆ ಹೋದದ್ದನ್ನು ಅವರ ಮಾತಿನಲ್ಲೇ ಬರೆಯಲಿ. ಮನೆಯ ಕನ್ನಡವೋ ತೆಲುಗೋ ಉರ್ದುವೋ ಬೆರೆತರೂ ಚಿಂತೆಯಿಲ್ಲ. ಇನ್ನೂ 200 ಪುಟ ತಿದ್ದಬೇಕೇ ಎಂದು ಮುಂದಿನ ಸಾಲಿನಲ್ಲಿ ಯಾರೋ ಗೊಣಗುತ್ತಿರುವುದು ಕೇಳಿಸಿತು. ಆ ಪುಟವನ್ನು ತಿದ್ದಬೇಕಿಲ್ಲ. ವಾರಕ್ಕೆ ನಾಲ್ಕೈದು ಪುಸ್ತಕ ತೆರೆದು ಓದಿದರೂ ಮರುದಿನ ಯಾವ ಪಾಠವನ್ನು ಮತ್ತೆ ಹೇಳಬೇಕೆಂದು ಗೊತ್ತಾಗುತ್ತದೆ.