ಪಾತ್ರೆಯ ಮೈಲಿಗೆ, ಪಾತ್ರೆಯ ಶುದ್ಧಿ

ಅಡುಗೆಯ ಪಾತ್ರೆಗೆ ನೆನಪಿದೆಯೆ? ಬೆಳಗಿ ಬೋರಲು ಹಾಕಿದ ಮೇಲೂ ನಿನ್ನೆ ಅದರಲ್ಲಿ ಬೆಂದದ್ದೇನೆಂಬುದು ಇಂದಿನ ಊಟಕ್ಕೆ ಸಂಬಂಧಪಟ್ಟ ವಿಷಯವೆ? ಹೌದೆಂದು ಉತ್ತರಕೊಟ್ಟು, ಆ ಉತ್ತರದ ಮೇಲೆ ದೊಡ್ಡದೊಂದು ಶಾಸ್ತ್ರವನ್ನೇ ಕಟ್ಟಿದವರು ಯೆಹೂದ್ಯರು. ಆ ಶಾಸ್ತ್ರವನ್ನು ಓದುತ್ತ ಹೋದಂತೆ ನನಗೆ ನಮ್ಮ ಸೀಮೆಯ ಅಡುಗೆಮನೆಗಳೇ ಕಣ್ಣೆದುರು ಬಂದವು.

ಮಾಗಡಿ, ಕನಕಪುರಗಳ ಕಡೆ ಎಷ್ಟೋ ಒಕ್ಕಲು ಮನೆಗಳಲ್ಲಿ ಬಾಡಿನ ಮಡಕೆಯೇ ಬೇರೆಯಾಗಿತ್ತು. ಹಬ್ಬದ ಮರುದಿನ ಹೊರಬಂದ ಆ ಮಡಕೆ ಕೆಲಸ ಮುಗಿದೊಡನೆ ಹಿತ್ತಿಲ ಸೂರಿಗೆ ಹಿಂದಿರುಗುತ್ತಿತ್ತು. ಸಾವಿನ ಸೂತಕ ಕಳೆದಾಗ ಮಣ್ಣಿನ ಮಡಕೆಗಳನ್ನು ಹೊರಗೆಸೆದು, ತಾಮ್ರ ಹಿತ್ತಾಳೆಗಳನ್ನು ಹುಣಸೆಹಣ್ಣು ಬೂದಿಗಳಿಂದ ಬೆಳಗಿ ಒಳಗೆ ತರುತ್ತಿದ್ದರು. ಲೋಹಕ್ಕೆ ಕ್ಷಮೆಯುಂಟು, ಮಣ್ಣಿಗಿಲ್ಲ. ಏಕೆಂದು ಕೇಳಿದರೆ 'ಮಣ್ಣು ಕುಡಿಯುತ್ತದೆ' ಎಂದಷ್ಟೇ ಹೆಂಗಸರು ಹೇಳುತ್ತಿದ್ದರು.

ಯೆಹೂದ್ಯ ಶಾಸ್ತ್ರದ ಮೂಲವೂ ಈ 'ಕುಡಿಯುವಿಕೆ'ಯೇ. 'ಕೋಷರ್' ಎಂದರೆ ಯೋಗ್ಯವಾದದ್ದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ವಿಧಿ ಅವರ ಧರ್ಮಗ್ರಂಥದಲ್ಲಿ ಮೂರು ಸಲ ಬರುತ್ತದೆ. ಅದರಿಂದಲೇ ಮಾಂಸಕ್ಕೊಂದು, ಹಾಲಿಗೊಂದು ಎಂದು ಎರಡು ಜೊತೆ ಪಾತ್ರೆಗಳು ಬಂದವು. ಅವು ಬೆರೆತರೆ, ಇಲ್ಲವೆ ನಿಷಿದ್ಧವಾದದ್ದು ಪಾತ್ರೆಯಲ್ಲಿ ಬೆಂದರೆ, ಶುದ್ಧಿಗೆ ಒಂದೇ ಸೂತ್ರ: ಹೀರಿದ ದಾರಿಯಲ್ಲೇ ಹೊರಹಾಕಬೇಕು. ನೇರ ಬೆಂಕಿಯಲ್ಲಿ ಮಾಂಸ ಸುಟ್ಟ ಕಂಬಿಯನ್ನು ಬೆಂಕಿಯಲ್ಲೇ ಕಾಯಿಸಬೇಕು. ಸಾರು ಕುದಿದ ಪಾತ್ರೆಯನ್ನು ಚೆನ್ನಾಗಿ ತೊಳೆದು, 24 ಗಂಟೆ ಬಳಸದೆ ಇಟ್ಟು, ಕುದಿಯುವ ನೀರಿನಲ್ಲಿ ಅದ್ದಬೇಕು. ಅದ್ದಲಾಗದ ಹಂಡೆಯಾದರೆ ನೀರು ತುಂಬಿ ಕುದಿಸಿ, ಕಾದ ಕಲ್ಲನ್ನು ಒಳಗೆ ಹಾಕಿ, ನೀರು ಅಂಚಿನ ಮೇಲೆ ಉಕ್ಕಿ ಹರಿಯುವಂತೆ ಮಾಡುತ್ತಾರೆ. ಬಿಸಿಗೆ ಕೆಡುವ ಅಂಟಿನ ಪಾತ್ರೆಗಳಿಗೆ ಈ ಶುದ್ಧಿ ಸಲ್ಲದು. ಕೆಟ್ಟೀತೆಂದು ಒಡೆಯನು ಕೈಹಿಡಿದು ಬಿಸಿ ಕೊಟ್ಟಾನು ಎಂಬ ಶಂಕೆ. ಅರಗಿನ ಬೊಂಬೆ ಮಾಡುವ ಚನ್ನಪಟ್ಟಣದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಕಿಯನ್ನು ತಾಳುವ ಲೋಹವನ್ನು ಬೆಂಕಿಯಲ್ಲಿ, ತಾಳದ್ದನ್ನು ನೀರಿನಲ್ಲಿ ದಾಟಿಸಬೇಕೆಂದು ಅರಣ್ಯಕಾಂಡದ 31ನೆಯ ಅಧ್ಯಾಯ ವಿಧಿಸುತ್ತದೆ. ಹೊಲೆಯಾದ ಮಣ್ಣಿನ ಪಾತ್ರೆಯನ್ನು ಒಡೆದುಬಿಡಬೇಕೆಂಬುದು ಯಾಜಕಕಾಂಡದ ಮಾತು. ನಮ್ಮ ಮನುಸ್ಮೃತಿಯ 5ನೆಯ ಅಧ್ಯಾಯವೂ ತಾಮ್ರ, ಕಬ್ಬಿಣ, ಹಿತ್ತಾಳೆ, ತವರಗಳಿಗೆ ಕ್ಷಾರ, ಹುಳಿ, ನೀರುಗಳನ್ನು ಹೇಳಿ, ಮಣ್ಣಿನದಕ್ಕೆ ಮರಳಿ ಸುಡುವುದನ್ನು ಹೇಳುತ್ತದೆ. ನಮ್ಮ ಹುಣಸೆಹಣ್ಣು ಬೂದಿಗಳು ಆ ಹುಳಿ ಕ್ಷಾರಗಳೇ ಅಲ್ಲವೆ?

ಈ ಎರಡು ಲೋಕಗಳು ಕನ್ನಡ ನಾಡಿನಲ್ಲೇ ಒಮ್ಮೆ ಸಂಧಿಸಿದ್ದುವು. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 12ನೆಯ ಶತಮಾನದಲ್ಲಿ, 1132ರ ಸುಮಾರಿನಿಂದ 1149ರವರೆಗೆ, ಮಂಗಳೂರು ಮತ್ತು ಮಲಬಾರ್ ತೀರದಲ್ಲಿದ್ದನು. ಅವನಿಗೊಂದು ಕಂಚು ಹಿತ್ತಾಳೆಗಳ ಕಾರ್ಖಾನೆಯಿತ್ತು. ಏಡನ್ನಿನ ವರ್ತಕರು ಹಳೆಯ ತಾಮ್ರವನ್ನು ಹಡಗಿನಲ್ಲಿ ಕಳುಹಿಸಿ, ಬೇಕಾದ ಆಕಾರದ ಹೊಸ ಪಾತ್ರೆಗಳನ್ನು ತರಿಸಿಕೊಳ್ಳುತ್ತಿದ್ದರು. ಆ ಪತ್ರಗಳು ಕೈರೋದ ಯೆಹೂದ್ಯ ಮಂದಿರದ ಕಾಗದದ ಉಗ್ರಾಣದಲ್ಲಿ ಉಳಿದು, ಎಸ್. ಡಿ. ಗೋಯ್ಟೈನ್ ಅವರಂಥ ವಿದ್ವಾಂಸರ ಕೈಸೇರಿದುವು. ಮೂಸೆಯಲ್ಲಿ ಕರಗಿದ ತಾಮ್ರಕ್ಕೆ ಹಳೆಯ ಒಡೆಯನ ಗುರುತು ಉಳಿಯುವುದಿಲ್ಲ.

ಇಷ್ಟು ಹೋಲಿಕೆಯನ್ನು ಕಂಡು ಸಂತೋಷಪಟ್ಟು ಸುಮ್ಮನಾಗಬಹುದಿತ್ತು. ಆದರೆ ಒಂದು ಭೇದವನ್ನು ಹೇಳದೆ ಬಿಡಲಾರೆ. ಅನ್ಯರ ಕೈಯ ಅಡುಗೆ, ಅನ್ಯರಿಂದ ಕೊಂಡ ಪಾತ್ರೆ ಎಂಬ ವಿಚಾರಗಳು ಯೆಹೂದ್ಯರಲ್ಲೂ ಉಂಟು. ಆದರೂ ಹಾಗೆ ಕೊಂಡ ಲೋಹದ ಪಾತ್ರೆ ನೀರಿನಲ್ಲಿ ಒಮ್ಮೆ ಮುಳುಗಿ ಎದ್ದರೆ ಮನೆಯದಾಗುತ್ತದೆ. ನಮ್ಮಲ್ಲಿ ಹಿತ್ತಾಳೆಗೆ ಹುಣಸೆಹಣ್ಣಿತ್ತು, ತಾಮ್ರಕ್ಕೆ ಕಲಾಯಿಯಿತ್ತು. ನೀರು ಬೇಡಿ ಬಂದ ದಲಿತನಿಗೆ ಮಾತ್ರ ತೆಂಗಿನ ಚಿಪ್ಪು, ಹಳ್ಳಿಯ ಚಹದಂಗಡಿಯಲ್ಲಿ ಬೇರೆಯದೇ ಲೋಟ. ಅವನು ಕುಡಿದ ಲೋಟವನ್ನು ಯಾವ ಬೂದಿಯೂ ಬೆಳಗಲಾರದೆಂದು ನಂಬಿದವರು, ಅದೇ ಬೂದಿಯಿಂದ ಸೂತಕದ ಹಂಡೆಯನ್ನು ಬೆಳಗಿಕೊಂಡರು. ಪಾತ್ರೆಯೊಳಗೆ ಏನಿತ್ತೆಂಬ ಪ್ರಶ್ನೆಯು ಅದನ್ನು ಯಾರು ಮುಟ್ಟಿದರೆಂಬ ಪ್ರಶ್ನೆಯಾಗಿ ಬದಲಾದಾಗ, ಶಾಸ್ತ್ರವು ಅಡುಗೆಮನೆಯನ್ನು ಬಿಟ್ಟು ಬೀದಿಗೆ ಇಳಿಯುತ್ತದೆ.

ಅದಕ್ಕೇ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಲ್ಲಿ ಪಾತ್ರೆಗಳ ಮಾತು ಬಂದಿದೆ. ಹೋಟೆಲು ಮೊದಲಾದೆಡೆ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಅಸ್ಪೃಶ್ಯತೆಯ ನೆಪದಲ್ಲಿ ಯಾರಿಗೂ ನಿರಾಕರಿಸಕೂಡದೆಂದು ಅದು ವಿಧಿಸಿತು. ಮನೆಯ ಮಡಕೆ ಬೇರೆ ಇಡುವುದು ಅವರವರ ನಂಬಿಕೆಗೆ ಸೇರಿದ್ದು. ಅದನ್ನು ಹಾಸ್ಯಮಾಡುವ ಹಕ್ಕು ನನಗಿಲ್ಲ. ಆದರೆ ಹಂಡೆಗೆ ತೋರಿದ ಕ್ಷಮೆಯನ್ನಾದರೂ ಮನುಷ್ಯನಿಗೆ ತೋರದ ಶುದ್ಧಿ ಯಾರ ಮನೆಯನ್ನು ಶುದ್ಧಮಾಡೀತೆಂದು, ಊಟಕ್ಕೆ ಕುಳಿತಾಗಲಾದರೂ ನಾವು ಕೇಳಿಕೊಳ್ಳಬೇಕು.